ಅರ್ಧ ಕೌದಿ ಹೊದ್ದ ಡಾಲ್ಫಿನ್

ಲೋಕ ಆಗಷ್ಟೇ ಹುಟ್ಟಿ ಮೈ ಒಣಗಿಸಿಕೊಳ್ಳುತ್ತಿದ್ದ ಕಾಲ. ಕಡಲಿನಲ್ಲಿ ಉಪ್ಪು ಇನ್ನೂ ಸರಿಯಾಗಿ ಕರಗಿರಲಿಲ್ಲ. ಒಂದು ಕಡೆ ಸಪ್ಪೆ, ಇನ್ನೊಂದು ಕಡೆ ಬಾಯಿಗಿಡಲಾರದಷ್ಟು ಉಪ್ಪು. ಎಲ್ಲಿ ತಿರುಗಬೇಕು, ಎಲ್ಲಿ ಇಳಿಯಬೇಕು ಎಂದು ಹೊಳೆಗಳಿಗೆ ಬಾಯಿಪಾಠ ಆಗಿರಲಿಲ್ಲ. ಗಾಳಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಹಾಗೆಂದು ಅದೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿತ್ತು.

ಆ ಕಾಲದಲ್ಲಿ ನಿದ್ದೆ ಎಂದರೆ ಒಬ್ಬಳು ಅಜ್ಜಿ. ಬೆನ್ನು ಬಾಗಿದ, ಮಾತು ಕಡಿಮೆಯ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಅಜ್ಜಿ. ಅವಳ ಹೆಗಲ ಮೇಲೆ ಒಂದು ಕೌದಿ. ಮಂಜಿನ ಚೂರು, ಮಬ್ಬಿನ ಚೂರು, ಮೋಡದ ಹರಿದ ಸೆರಗು ಎಲ್ಲ ಸೇರಿಸಿ ಅವಳೇ ಕೂತು ಹೊಲಿದದ್ದು. ಆ ಕೌದಿಯನ್ನು ಯಾರ ತಲೆಯ ಮೇಲೆ ಎಳೆದರೆ ಅವರಿಗೆ ನಿದ್ದೆ. ತೆಗೆದರೆ ಎಚ್ಚರ. ಒಂದೇ ಕೌದಿ ಎಲ್ಲರಿಗೂ ಹೇಗೆ ಸಾಲುತ್ತಿತ್ತು ಎಂದು ಕೇಳಬೇಡಿ. ಒಂದೇ ಆಕಾಶ ಎಲ್ಲರಿಗೂ ಸಾಲುತ್ತಿಲ್ಲವೇ?

ಕತ್ತಲಾದ ಮೇಲೆ ಅಜ್ಜಿ ನೆಲದವರ ಹತ್ತಿರ ಹೋಗುತ್ತಿದ್ದಳು. ಕಡಲಿನವರ ಸರದಿ ಮಧ್ಯಾಹ್ನ. ಕಡಲಿಗೆ ಹೋಗುವ ದಾರಿಯಲ್ಲಿ ಯಾರಾದರೂ ಊಟ ಮಾಡಿ ಆಕಳಿಸುತ್ತ ಕೂತಿದ್ದರೆ ಅವರಿಗೂ ಒಂದಿಷ್ಟು ಹೊದಿಸಿ ಹೋಗುತ್ತಿದ್ದಳು.

ಅವಳ ಹತ್ತಿರ ಎರಡು ಕಟ್ಟುನಿಟ್ಟಿನ ಮಾತು. ಹೊದಿಸಿದರೆ ಪೂರ್ತಿ ತಲೆಗೆ, ಎರಡೂ ಕಣ್ಣು ಮುಚ್ಚುವ ಹಾಗೆ. ಅದು ಮೊದಲನೆಯದು. ಬೇಡ ಎಂದವರನ್ನು ಅವಳು ಒತ್ತಾಯ ಮಾಡುತ್ತಿರಲಿಲ್ಲ. ಆದರೆ ಬೇಡ ಬೇಡ ಎಂದಷ್ಟೂ ಅವರ ಪಾಲಿನ ಕೌದಿ ಭಾರವಾಗುತ್ತ ಹೋಗುತ್ತಿತ್ತು. ಕೊನೆಗೊಂದು ದಿನ ಅದು ಅಜ್ಜಿಯ ಕೈಯಿಂದ ತಾನಾಗಿ ಜಾರಿ ಬೀಳುತ್ತಿತ್ತು. ಹಾಗೆ ಬಿದ್ದ ಕೌದಿಯನ್ನು ಎತ್ತಲು ಅಜ್ಜಿಗೂ ಆಗುತ್ತಿರಲಿಲ್ಲ.

ಈ ಎರಡನೆಯ ಮಾತು ನೆನಪಿರಲಿ. ನಮ್ಮ ನೊರೆಕ್ಕನ ಪ್ರಾಣ, ಅದಕ್ಕಿಂತ ಹೆಚ್ಚಾಗಿ ಅವಳ ಮಗುವಿನ ಪ್ರಾಣ, ನಿಂತದ್ದು ಅದರ ಮೇಲೆ.

ನೊರೆಕ್ಕ ಒಂದು ಡಾಲ್ಫಿನ್. ಅವಳ ಬಳಗದವರು ಮೊದಲು ನೆಲದ ಮೇಲಿದ್ದವರು. ನಾಲ್ಕು ಕಾಲು, ಮೈತುಂಬ ರೋಮ, ಎಲ್ಲ ಇತ್ತು. ಆದರೆ ಮೀನಿನ ಚಪಲ. ದಿನಾ ನೀರಿಗೆ ಇಳಿದು, ದಿನಾ ಸ್ವಲ್ಪ ಹೆಚ್ಚು ಹೊತ್ತು ನಿಂತು, ಒಂದು ದಿನ ಇಡೀ ಬಳಗ ಕಡಲಿನ ಎದುರು ಬಂದು, "ನಾವು ಇನ್ನು ಇಲ್ಲೇ ಇರ್ತೇವೆ, ಜಾಗ ಕೊಡು" ಎಂದು ಕೇಳಿತು.

"ಜಾಗಕ್ಕೇನು, ಬೇಕಾದಷ್ಟಿದೆ" ಎಂದಿತು ಕಡಲು. "ಆದ್ರೆ ನೀವು ಮೀನಲ್ಲ, ನಿಮಗೆ ಗಾಳಿ ಬೇಕು. ಮೂಗನ್ನು ನೆತ್ತಿಗೆ ಏರಿಸ್ಕೊಳ್ಳಿ. ಅದಕ್ಕೊಂದು ಮುಚ್ಚಳ ಇಟ್ಕೊಳ್ಳಿ. ಮೇಲೆ ಬಂದಾಗ ನೆನಪಿಟ್ಟು ತೆಗೀಬೇಕು, ಕೆಳಗೆ ಹೋಗುವಾಗ ನೆನಪಿಟ್ಟು ಮುಚ್ಚಬೇಕು. ಮರೆತ್ರೆ ನನ್ನನ್ನು ಬೈಬೇಡಿ."

"ಅಷ್ಟೇ ತಾನೆ!" ಎಂದು ಎಲ್ಲರೂ ಕಾಲು ಬಿಚ್ಚಿಟ್ಟು ನೀರಿಗೆ ಹಾರಿದರು.

ನೆನಪಿಟ್ಟು ತೆಗೀಬೇಕು ಎಂಬ ಮಾತು ಯಾರ ಕಿವಿಗೂ ಸರಿಯಾಗಿ ಹೋಗಲಿಲ್ಲ. ನಿದ್ದೆ ಹೋದವರಿಗೆ ನೆನಪು ಎಲ್ಲಿಂದ ಬರಬೇಕು?

ಅವರದೊಂದು ಪದ್ಧತಿ ಇತ್ತು, ನೆಲದ ಮೇಲಿದ್ದಾಗಿನಿಂದ. ಊಟವಾದ ಮೇಲೆ ಇಡೀ ಬಳಗ ಒಂದೇ ಮರದ ನೆರಳಲ್ಲಿ, ಒಬ್ಬರ ಬೆನ್ನಿಗೆ ಒಬ್ಬರು ಒರಗಿ, ಒಟ್ಟಿಗೇ ಮಲಗುವುದು. ಉಳಿದವರು ಮಲಗಿದಾಗ ಒಬ್ಬರು ಎದ್ದು ಕೂತರೆ ಅದು ದೊಡ್ಡ ಅಗೌರವ. ಕಡಲಿಗೆ ಬಂದ ಮೊದಲ ಮಧ್ಯಾಹ್ನವೂ ಹಾಗೇ ಮಾಡಿದರು. ಮೀನು ತಿಂದು, ಸಾಲಾಗಿ ಒರಗಿ, ಅಜ್ಜಿಯಿಂದ ಕೌದಿ ಹೊದ್ದುಕೊಂಡು, ಎಲ್ಲರೂ ಒಟ್ಟಿಗೇ ಮುಳುಗಿದರು.

ತಳದ ಬಂಡೆಗೆ ಮೈ ತಾಗಿ, ಬೆಚ್ಚಿ ಎದ್ದು, ಕೆಮ್ಮುತ್ತ ಉಗುಳುತ್ತ ಮೇಲೆ ಬಂದರು. ಬಳಗದ ಹಿರಿಯಜ್ಜಿ ಒಬ್ಬಳು ಮೇಲೆ ಬರಲಿಲ್ಲ. ಚಿಕ್ಕ ಹುಡುಗಿಯಾಗಿದ್ದ ನೊರೆಕ್ಕ ಮಲಗಿದ್ದು ಅವಳ ಬೆನ್ನಿಗೆ ಒರಗಿಕೊಂಡೇ. ಆ ಬೆನ್ನು ತನ್ನಿಂದ ಜಾರಿಹೋದದ್ದು ಅವಳಿಗೆ ಬೆಳೆದು ದೊಡ್ಡವಳಾದ ಮೇಲೂ ನೆನಪಿತ್ತು.

ಅಂದಿನಿಂದ ಪದ್ಧತಿ ಬದಲಾಯಿತು. ಒಬ್ಬರು ಮಲಗಿದರೆ ಇಬ್ಬರು ಎಚ್ಚರ. ಎಚ್ಚರ ಇದ್ದವರು ಮಲಗಿದವರನ್ನು ಎರಡೂ ಕಡೆಯಿಂದ ಆತುಕೊಂಡು, ಉಸಿರಿನ ಹೊತ್ತಿಗೆ ಮೂತಿಯಿಂದ ಮೇಲೆ ತಳ್ಳಿ, "ಉಸಿರು! ಉಸಿರು!" ಎಂದು ಕಿವಿಯ ಹತ್ತಿರ ಕೂಗುತ್ತಿದ್ದರು. ನಿದ್ದೆ ಅಷ್ಟೇನೂ ಸುಖದ್ದಲ್ಲ. ಆದರೂ ಜೀವನ ನಡೆಯುತ್ತಿತ್ತು. ಯಾರೂ ಒಂಟಿಯಾಗಬಾರದು, ಅಷ್ಟೇ.

ನೊರೆಕ್ಕ ಒಂಟಿಯಾದಳು.

ಹೆರುವ ಹೊತ್ತು ಹತ್ತಿರ ಬಂದಾಗ ಅವಳು ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯೊಳಗೆ ಬಂದಿದ್ದಳು. ಅಲ್ಲಿ ತೆರೆ ಸಣ್ಣದು, ನೀರು ಬೆಚ್ಚಗೆ. ಬಳಗ ಅಳಿವೆಯ ಹೊರಗೆ ಕಾಯುತ್ತ ನಿಂತಿತ್ತು. ಅಷ್ಟರಲ್ಲಿ ಪಡುಗಾಳಿ ಬಂತು. ಎಲ್ಲ ಗೊತ್ತಿದ್ದ ಗಾಳಿ ಅಲ್ಲವೇ, ಡಾಲ್ಫಿನ್‌ಗಳು ಆಟಕ್ಕೆ ನಿಂತಿವೆ ಎಂದುಕೊಂಡು ಜೋರಾಗಿ ಬೀಸಿತು. ಮನೆಯಷ್ಟು ಎತ್ತರದ ತೆರೆ ಎದ್ದವು. ತೆರೆ ಇಳಿದು ನೋಡಿದರೆ ಹೊರಗೆ ಒಬ್ಬರೂ ಇಲ್ಲ.

"ನಂಗೆ... ನಂಗೆ ಗೊತ್ತಿರಲಿಲ್ಲ" ಎಂದಿತು ಗಾಳಿ. ಆ ಮಾತು ಅದರ ಬಾಯಲ್ಲಿ ಬಂದದ್ದು ಅದೇ ಮೊದಲು. "ಹುಡುಕಿ ಕರ್ಕೊಂಡು ಬರ್ತೆ, ನೊರೆಕ್ಕಾ. ಎಲ್ಲಿದ್ರೂ ಹುಡುಕ್ತೆ" ಎಂದು ತೆಂಕಣಕ್ಕೆ ಓಡಿತು. ಓಡಿದ್ದು ತಿರುಗಿ ಬರಲಿಲ್ಲ.

ಇತ್ತ ಮಗು ಹುಟ್ಟಿತು. ಹುಟ್ಟುತ್ತಲೇ ಮೂಗಿನಿಂದ ಒಂದು ಗುಳ್ಳೆ ಬಿಟ್ಟಿತು. ಅದಕ್ಕೆ ಅವನ ಹೆಸರು ಗುಳ್ಳೆ ಎಂದೇ ಆಯಿತು.

ಗುಳ್ಳೆ ಚಂದದ ಮಗು, ಆದರೆ ಮೈಯಲ್ಲಿ ಒಂದು ಚೂರು ಕೊಬ್ಬಿಲ್ಲ. ತಾನಾಗಿ ತೇಲಲು ಬರುತ್ತಿರಲಿಲ್ಲ. ಅಮ್ಮ ಮುಂದೆ ಮುಂದೆ ಈಜಿದರೆ ಅವಳ ಮಗ್ಗುಲಿನ ನೀರು ಅವನನ್ನೂ ಎಳೆದುಕೊಂಡು ಹೋಗುತ್ತಿತ್ತು. ಅವಳು ಮೇಲೆದ್ದಾಗ ಅವನೂ ಮೇಲೆದ್ದು ಉಸಿರು ತೆಗೆಯುತ್ತಿದ್ದ. ಅವಳು ನಿಂತರೆ ಅವನು ಮುಳುಗುತ್ತಿದ್ದ. ಅಷ್ಟು ನೇರ ಲೆಕ್ಕ.

ಮಧ್ಯಾಹ್ನ ಅಜ್ಜಿ ಬಂದಳು, ಕೌದಿ ಬಿಡಿಸುತ್ತ.

"ಇವತ್ತು ಬೇಡ ಅಜ್ಜಿ, ನಾಳೆ ಬಾ" ಎಂದಳು ನೊರೆಕ್ಕ.

ಮರುದಿನವೂ, "ನಾಳೆ ಬಾ."

ಅದರ ಮರುದಿನವೂ, "ನಾಳೆ ಬಾ ಅಜ್ಜಿ, ನಿನ್ನ ಕಾಲಿಗೆ ಬೀಳ್ತೆ." ಕಾಲಿಗೆ ಬೀಳಲು ಅವಳಿಗೆ ಮೊಣಕಾಲೂ ಇರಲಿಲ್ಲ, ಪಾಪ.

ಅಜ್ಜಿ ಗೊಣಗುತ್ತ ಹೋಗುತ್ತಿದ್ದಳು. ಪ್ರತಿಸಲ ಹೋಗುವಾಗ ಅವಳ ಹೆಗಲು ಇನ್ನೊಂದಿಷ್ಟು ಕುಗ್ಗಿರುತ್ತಿತ್ತು.

ನಿದ್ದೆ ಕೆಟ್ಟವರಿಗೆ ಏನೇನು ಕಾಣುತ್ತದೆ ಎಂದು ಕೇಳಿ. ನೊರೆಕ್ಕನಿಗೆ ನೀರಿನೊಳಗೆ ಹುಲ್ಲು ಕಂಡಿತು, ಮರ ಕಂಡಿತು, ಮರದ ಕೆಳಗೆ ಹಿರಿಯಜ್ಜಿಯ ಬೆನ್ನು ಕಂಡಿತು. ಒಮ್ಮೆ ಅವಳು ಪಕ್ಕದಲ್ಲಿ ತೇಲುತ್ತಿದ್ದ ಒಂದು ತೆಂಗಿನಕಾಯಿಗೆ, "ಉಸಿರು ತೆಗಿಯೋ ಮಗಾ, ಎಷ್ಟು ಸಲ ಹೇಳ್ಬೇಕು ನಿಂಗೆ" ಎಂದು ಗದರಿದಳು. ಕಾಯಿ ಉತ್ತರ ಕೊಡಲಿಲ್ಲ. ತಿರುಗಿ ನೋಡಿದರೆ ಗುಳ್ಳೆ ಬಾಲ ಮೇಲಾಗಿ ಕೆಳಗಿಳಿಯುತ್ತಿದ್ದ. ಹಾರಿ ಹೋಗಿ ಮೂತಿಯಿಂದ ಎತ್ತಿ ತಂದಳು. ಅವನು ಪುಸ್ ಎಂದು ಉಸಿರು ಬಿಟ್ಟು, "ಇನ್ನೊಂದ್ಸಲ ಅಮ್ಮಾ!" ಎಂದ. ಅವನಿಗೆ ಅದು ಆಟ. ಅವಳು ಅವನನ್ನು ಮಗ್ಗುಲಿಗೆ ಸೇರಿಸಿಕೊಂಡು ಮತ್ತೆ ಸುತ್ತತೊಡಗಿದಳು.

ಅದೇ ದಿನ ಅಳಿವೆಯ ಬಾಯಲ್ಲಿ ಒಂದು ಶಾರ್ಕ್ ಬಂದು ನಿಂತಿತು.

ಬಿಳಿ ಹೊಟ್ಟೆಯ ಶಾರ್ಕ್. ಮಾತು ಬಹಳ ಮೆತ್ತಗೆ. "ಏನ್ ತಂಗೀ, ಬಾಣಂತಿ ಅಲ್ವಾ ನೀನು? ಹೀಗೆ ಸುತ್ತೋದಾ? ಮಲ್ಕೊ, ಮಲ್ಕೊ. ನಾನಿದ್ದೇನಲ್ಲ, ಮಗು ನೋಡ್ಕೊಳ್ತೇನೆ."

"ಬೇಡ" ಎಂದಳು ನೊರೆಕ್ಕ.

"ಏಯ್ ಪುಟ್ಟ, ನಾನು ನಿನ್ನ ಮಾವ ಕಣೋ. ಬಿಳಿ ಹೊಟ್ಟೆ ಮಾವ" ಎಂದಿತು ಶಾರ್ಕ್ ಗುಳ್ಳೆಗೆ.

"ಮಾವ!" ಎಂದು ಗುಳ್ಳೆ ಖುಷಿಪಟ್ಟ. ಹುಟ್ಟಿದಾಗಿನಿಂದ ಅವನಿಗೆ ಸಿಕ್ಕಿದ ಮೊದಲ ನೆಂಟ. ನೊರೆಕ್ಕ ಅವನನ್ನು ಮಗ್ಗುಲಿಗೆ ಒತ್ತಿಕೊಂಡು ಒಳಕ್ಕೆ, ನೀರು ಕಡಿಮೆ ಇರುವಲ್ಲಿಗೆ ಹೋದಳು. ಶಾರ್ಕಿನ ದೊಡ್ಡ ಹೊಟ್ಟೆಗೆ ಅಲ್ಲಿ ಜಾಗ ಸಾಲುತ್ತಿರಲಿಲ್ಲ. ಅದು ಅವಸರವನ್ನೂ ಮಾಡಲಿಲ್ಲ. ಅಳಿವೆಯ ಬಾಯಲ್ಲಿ ನಿಂತೇ, "ಅಜ್ಜಿ ಬಂದ್ಳಾ ತಂಗೀ?" ಎಂದು ಆಗಾಗ ಕೇಳುತ್ತಿತ್ತು.

ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಹೊಳೆ ಮಾತಾಡಿತು. ಅಘನಾಶಿನಿ ಮೃದುವಿನ ಹೊಳೆ. ಕೆಟ್ಟ ಸುದ್ದಿ ಹೇಳುವಾಗ ಇನ್ನೂ ಮೃದುವಾಗುತ್ತಿತ್ತು.

"ನೊರೆಕ್ಕಾ, ಇವತ್ತು ಅಮಾಸೆ. ದೊಡ್ಡ ಇಳಿತ. ಕಡಲು ನನ್ನ ನೀರನ್ನೆಲ್ಲ ಎಳ್ಕೊಳ್ತಾ ಇದೆ. ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ಬರೀ ಕೆಸರು. ನೀನೂ ಮಗುವೂ ಅದರ ಮೇಲೆ ಬಿದ್ರೆ ಬಿಸಿಲಿಗೆ ಒಣಗಿ ಹೋಗ್ತೀರಿ."

"ತಡಿಲಿಕ್ಕೆ ಆಗೂದಿಲ್ವಾ, ಹೊಳೆಯಕ್ಕಾ?"

"ನನ್ನ ಕೈಯಲ್ಲಿ ಎಂತದಿದೆ? ಅದು ಎಳೆದ್ರೆ ನಾನು ಹೋಗ್ಬೇಕು."

ಒಳಗೆ ಕೆಸರು. ಹೊರಗೆ ಶಾರ್ಕ್. ದಡದ ಮೇಲೆ, ಹೊನ್ನೆ ಮರದ ಕೆಳಗಿನಿಂದ, ಕೋಲೂರುತ್ತ ನಿದ್ದೆಯಜ್ಜಿ ಬರುತ್ತಿದ್ದಳು. ಹೆಗಲ ಮೇಲಿನ ಕೌದಿ ಮಳೆಯಲ್ಲಿ ನೆನೆದ ಕಂಬಳಿಯ ಹಾಗೆ ಜೋತುಬಿದ್ದಿತ್ತು.

ಹೊನ್ನೆ ಮರದ ಬುಡದಲ್ಲಿ ಬೀರಮ್ಮ ಕೂತಿದ್ದಳು. ಆ ದಡದಲ್ಲಿ ಮೊದಲು ಗುಡಿಸಲು ಹಾಕಿದ ಹೆಂಗಸು. ಬೆಳಗಿನಿಂದ ಕೆಸರಿನಲ್ಲಿ ಚಿಪ್ಪಿ ಹೆಕ್ಕಿ ದಣಿದಿದ್ದಳು. ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಅದರೊಳಗೆ ಕೂಸನ್ನು ಮಲಗಿಸಿ, ಮರಕ್ಕೆ ಒರಗಿ ಆಕಳಿಸಿದಳು. ದಾರಿಯಲ್ಲೇ ಸಿಕ್ಕಿದವಳಲ್ಲವೇ, ಅಜ್ಜಿ ಅವಳ ತಲೆಗೆ ಕೌದಿ ಎಳೆದಳು. ಬೀರಮ್ಮನ ಕಣ್ಣು ಮುಚ್ಚಿದವು, ಬಾಯಿ ತೆರೆಯಿತು, ಗೊರಕೆ ಶುರುವಾಯಿತು.

ನೊರೆಕ್ಕ ಕಡಿಮೆ ನೀರಿನಲ್ಲಿ ಸುತ್ತುತ್ತ ಅದನ್ನು ನೋಡುತ್ತಿದ್ದಳು. ಅವಳ ಕಣ್ಣು ಜೋಲಿಯ ಮೇಲೆ ನಿಂತಿತು.

ಜೋಲಿ ತೂಗುತ್ತಿತ್ತು.

ಗಾಳಿ ಊರಲ್ಲಿ ಇರಲಿಲ್ಲ. ತೂಗುವವರು ಬೇರೆ ಯಾರೂ ಇರಲಿಲ್ಲ. ನೊರೆಕ್ಕ ಕಣ್ಣು ಅಗಲಿಸಿ ನೋಡಿದಳು. ಜೋಲಿಯಿಂದ ಒಂದು ಹಗ್ಗ ಇಳಿದಿತ್ತು. ಹಗ್ಗದ ತುದಿ ಬೀರಮ್ಮನ ಕಾಲಿನ ಹೆಬ್ಬೆರಳಿಗೆ ಕಟ್ಟಿತ್ತು. ಬೀರಮ್ಮ ಗೊರಕೆ ಹೊಡೆಯುತ್ತಿದ್ದಳು, ಹೆಬ್ಬೆರಳು ಎಳೆಯುತ್ತಿತ್ತು. ಎಳೆಯುತ್ತಿತ್ತು, ಬಿಡುತ್ತಿತ್ತು. ಎಳೆಯುತ್ತಿತ್ತು, ಬಿಡುತ್ತಿತ್ತು.

"ಅಜ್ಜೀ!" ಎಂದು ನೊರೆಕ್ಕ ಕೂಗಿದಳು. "ಅಲ್ಲಿ ನೋಡು! ಅವಳು ಮಲಗಿದ್ದಾಳೆ, ಮಲಗಲೂ ಇಲ್ಲ!"

ಅಜ್ಜಿ ತಿರುಗಿ ನೋಡಿದಳು. ಅವಳ ಮುಖ ಕೆಂಪಾಯಿತು. ಎಷ್ಟು ಕಾಲದಿಂದ ಹೊದಿಸುತ್ತಿದ್ದಾಳೆ, ತನ್ನ ಕೌದಿಯ ಕೆಳಗೆ ಇಂಥದೊಂದು ನಡೆಯುತ್ತಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಕೌದಿ ತೆಗೆದು ಬೀರಮ್ಮನನ್ನು ಎಬ್ಬಿಸಿದಳು.

"ಏನೆ ಇದು? ನನ್ನ ಕಣ್ಣಿಗೆ ಮಣ್ಣೆರಚ್ತೀಯಾ?"

ಬೀರಮ್ಮ ಕಣ್ಣುಜ್ಜಿಕೊಂಡಳು. ಅರ್ಧ ನಿದ್ದೆಯಲ್ಲಿ ಎಬ್ಬಿಸಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? "ಎಂತ ಎರಚಿದ್ನೆ ಅಜ್ಜಿ? ನೀ ತಲೆ ಕೇಳ್ದೆ, ತಲೆ ಕೊಟ್ಟೆ. ಹೆಬ್ಬೆರಳು ಬೇಕು ಅಂತ ಕೇಳಿದ್ಯಾ? ಅದು ನನ್ನ ಕೂಸಿಂದು."

"ಪೂರ್ತಿ ಮಲಗ್ಬೇಕು. ಅದು ನೇಮ."

"ನೇಮ ಮಾಡ್ದವ್ರು ಯಾರು? ಕೂಸು ಹೆತ್ತವ್ರಾ?" ಎಂದಳು ಬೀರಮ್ಮ. ಅಷ್ಟು ಹೇಳಿ ಮತ್ತೆ ಮರಕ್ಕೆ ಒರಗಿದಳು. ಕೌದಿ ಇಲ್ಲದಿದ್ದರೂ ಅವಳಿಗೆ ಜೊಂಪು ಹತ್ತಿತು. ಹೆಬ್ಬೆರಳು ತನ್ನ ಕೆಲಸ ಶುರು ಮಾಡಿತು.

ಅಜ್ಜಿ ಆ ಹೆಬ್ಬೆರಳನ್ನೇ ನೋಡಿದಳು. ಅವಳು ಯಾರನ್ನೂ ಹೆತ್ತಿರಲಿಲ್ಲ.

"ಅಜ್ಜಿ, ನಂಗೆ ಹೆಬ್ಬೆರಳಿಲ್ಲ, ಹಗ್ಗ ಇಲ್ಲ" ಎಂದಳು ನೊರೆಕ್ಕ. ಅವಳ ಹೊಟ್ಟೆಗೆ ಆಗಲೇ ತಳದ ಮರಳು ತಾಗುತ್ತಿತ್ತು. "ಜೋಲಿಯೂ ನಾನೇ. ನಾನು ನಿಂತ್ರೆ ಜೋಲಿ ನಿಂತು ಹೋಗ್ತದೆ. ನನ್ನ ಹತ್ರ ಇರೂದು ಈ ತಲೆ ಒಂದೇ. ಅದರಲ್ಲಿ ಅರ್ಧ ತಕೋ. ಅರ್ಧ ನಂಗೆ ಬಿಡು."

"ಅರ್ಧ ತಲೆಗೆ ಹೊದಿಸೂದಾ? ಎಲ್ಲಾದ್ರೂ ಉಂಟಾ?" ಎಂದು ಅಜ್ಜಿ ಸಿಡುಕಿದಳು. "ತಿಮಿಂಗಿಲ ಕೂಡ ಹಾಗೆ ಕೇಳಲಿಲ್ಲ. ದೊಡ್ಡ ಉಸಿರು ತಕೊಂಡು, ನೀರೊಳಗೆ ಕಂಬದ ಹಾಗೆ ನೆಟ್ಟಗೆ ನಿಂತು, ಪೂರ್ತಿ ಹೊದ್ದು ಮಲಗ್ತದೆ. ನೀನೂ ಹಾಗೇ ಮಾಡು."

"ನಾನು ಉಸಿರು ಹಿಡಿದೇನು. ಇವ ಹಿಡಿದಾನಾ?"

ಅಜ್ಜಿ ಗುಳ್ಳೆಯನ್ನು ನೋಡಿದಳು. ಅವನು ಅಮ್ಮನ ರೆಕ್ಕೆಯ ಸಂದಿಯಿಂದ ಮೂತಿ ಹೊರಗೆ ಹಾಕಿ ಅಜ್ಜಿಗೆ ಒಂದು ಗುಳ್ಳೆ ಬಿಟ್ಟು ತೋರಿಸಿದ.

"ಅರ್ಧ ತಲೆ ಎಚ್ಚರ ಇರ್ತದೋ ಇಲ್ವೋ ನಂಗೂ ಗೊತ್ತಿಲ್ಲ" ಎಂದಳು ಅಜ್ಜಿ. ದನಿ ಸ್ವಲ್ಪ ಇಳಿದಿತ್ತು. "ಇಷ್ಟು ಭಾರ ಆಗಿದೆ ಇದು. ಒಂದು ಸಲ ಹೊದಿಸಿದ ಮೇಲೆ ನೀ ಕೊಡವಿ ಬೀಳಿಸಬಾರದು. ಬೀಳಿಸಿದ್ಯೋ, ಇಡೀ ಕೌದಿ ನಿನ್ನ ಮೇಲೆ ಬೀಳ್ತದೆ. ಆಮೇಲೆ ನನ್ನಿಂದ ಎತ್ತಲಿಕ್ಕೆ ಆಗೂದಿಲ್ಲ. ತಿಳೀತಾ?"

"ತಿಳೀತು."

"ಯಾವ ಕಡೆ?"

ಗುಳ್ಳೆ ಇದ್ದದ್ದು ಅವಳ ಎಡಕ್ಕೆ. "ಬಲಗಣ್ಣು ನಿಂಗೆ" ಎಂದಳು ನೊರೆಕ್ಕ.

ಅಜ್ಜಿ ಜೀವಮಾನದಲ್ಲೇ ಮೊದಲ ಸಲ ಕೌದಿಯನ್ನು ಮಡಿಸಿದಳು. ಮಡಿಕೆಯಿಂದ ಒಂದಿಷ್ಟು ಕನಸು ಉದುರಿ ನೀರಿಗೆ ಬಿದ್ದವು. ಮಡಿಸಿದ ಕೌದಿಯನ್ನು ನೊರೆಕ್ಕನ ತಲೆಯ ಬಲಗಡೆಗೆ ಮಾತ್ರ ಹಾಕಿದಳು.

ಬಲಗಣ್ಣು ಮುಚ್ಚಿತು. ಆ ಕಡೆ ಹುಲ್ಲು ಬಂತು, ಮರದ ನೆರಳು ಬಂತು, ಹಿರಿಯಜ್ಜಿಯ ಬೆಚ್ಚನೆಯ ಬೆನ್ನು ಬಂತು. ಎಂಥ ಸುಖ! ಪೂರ್ತಿ ಒರಗಿಬಿಡೋಣ ಎನ್ನಿಸಿತು. ಬಾಲ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಗುಳ್ಳೆ ಒಂದು ಗೇಣು ಕೆಳಗಿಳಿದ.

ಎಡಗಣ್ಣು ಅದನ್ನು ನೋಡಿತು.

ಬಾಲ ಬಡಿಯಿತು. ನೀರು ಎಳೆಯಿತು. ಗುಳ್ಳೆ ಮೇಲೆ ಬಂದ. ಉಸಿರು, ಎಂದಿತು ತಲೆಯ ಎಚ್ಚರದ ಅರ್ಧ. ಉಸಿರು. ಅವಳು ಮೇಲೆದ್ದು ಮುಚ್ಚಳ ತೆಗೆದಳು. ಪುಸ್. ಪಕ್ಕದಲ್ಲಿ ಸಣ್ಣದೊಂದು ಪುಸ್. ಹೊಳೆಯ ಇಳಿತ ಇಬ್ಬರನ್ನೂ ಅಳಿವೆಯ ಬಾಯಿಯ ಕಡೆಗೆ ಒಯ್ಯತೊಡಗಿತು.

ದಡದುದ್ದಕ್ಕೂ ಅಜ್ಜಿ ಕೋಲೂರುತ್ತ ಹಿಂದೆಯೇ ಬಂದಳು. ಇನ್ನೂ ಎಷ್ಟೋ ಜನ ಅವಳಿಗಾಗಿ ಆಕಳಿಸುತ್ತ ಕಾದಿದ್ದರು. ಅವಳಿಗೆ ಅದು ನೆನಪೇ ಇರಲಿಲ್ಲ.

ಶಾರ್ಕ್ ದೂರದಿಂದಲೇ ನೋಡಿತು. ಬರುತ್ತಿದ್ದಾಳೆ, ಕಣ್ಣು ಮುಚ್ಚಿದ್ದಾಳೆ. ತಾನಿದ್ದ ಕಡೆಯ ಕಣ್ಣು ಮುಚ್ಚಿದ್ದೇ ಅದಕ್ಕೆ ಕಂಡದ್ದು. ಆಚೆ ಕಡೆ ಇನ್ನೊಂದು ಕಣ್ಣಿದೆ ಎಂದು ಯಾರಾದರೂ ಯೋಚಿಸುತ್ತಾರೆಯೇ? ಒಂದು ಮುಚ್ಚಿದರೆ ಎರಡೂ ಮುಚ್ಚಿದಂತೆ, ಅಂದಿನವರೆಗಿನ ಲೋಕ ಹಾಗೇ ಇತ್ತು. ಶಾರ್ಕ್ ಮಾತಿಲ್ಲದೆ, ನೀರು ಕದಡದೆ, ಬಲಗಡೆಯಿಂದ ಹತ್ತಿರ ಬಂತು.

ನೊರೆಕ್ಕನ ಬಲಗಡೆಗೆ ಹುಲ್ಲು, ಮರ, ಹಿರಿಯಜ್ಜಿಯ ಬೆನ್ನು. ಶಾರ್ಕ್ ಇಲ್ಲ.

ಗುಳ್ಳೆ ಅಮ್ಮನ ಹೊಟ್ಟೆಯ ಕೆಳಗಿಂದ ಆಚೆಗೆ ಇಣುಕಿದ.

"ಅಮ್ಮಾ, ಬಿಳಿ ಹೊಟ್ಟೆ ಮಾವ ಬಂದ್ರು! ಬಾಯಿ ತೆಗೆದಿದ್ದಾರೆ!"

ಕೌದಿ ಕೊಡವಿ ಎಸೆದುಬಿಡೋಣ ಎಂದು ನೊರೆಕ್ಕ ತಲೆ ಎತ್ತಿದಳು. ಎಸೆದರೆ ಇಡೀ ಕೌದಿ ಬೀಳುತ್ತದೆ. ಶಾರ್ಕ್ ಬಿಟ್ಟರೂ ನೀರು ಬಿಡುವುದಿಲ್ಲ. ಎಸೆಯದಿದ್ದರೆ ಆ ಕಡೆ ಏನಿದೆ ಎಂದೇ ಕಾಣುವುದಿಲ್ಲ. ದಡದ ಮೇಲೆ ಅಜ್ಜಿ ಕೋಲು ಕೈಬಿಟ್ಟು ಎದೆ ಹಿಡಿದುಕೊಂಡಳು.

ಆಗ ನೊರೆಕ್ಕ ಮಾಡಿದ್ದು ನಾವೆಲ್ಲ ಹಾಸಿಗೆಯಲ್ಲಿ ದಿನಾ ಮಾಡುವುದನ್ನೇ. ಮಗ್ಗುಲು ಬದಲಿಸಿದಳು. ಕೌದಿ ಬೀಳಿಸದೆ, ತಲೆಯನ್ನು ಮೆಲ್ಲಗೆ ಹೊರಳಿಸಿ, ಅದನ್ನು ಬಲದಿಂದ ಎಡಕ್ಕೆ ಜಾರಿಸಿದಳು.

ಎಡಗಣ್ಣು ಮುಚ್ಚಿತು. ಬಲಗಣ್ಣು ತೆರೆಯಿತು.

ಎಷ್ಟೋ ದಿನಗಳ ಮೇಲೆ ನಿದ್ದೆ ಕಂಡ ಕಣ್ಣು ಅದು. ಮಂಪರಿಲ್ಲ, ತೆಂಗಿನಕಾಯಿ ಮಗುವಾಗಿ ಕಾಣುವ ಗೊಂದಲವಿಲ್ಲ. ಶಾರ್ಕಿನ ಒಂದೊಂದು ಹಲ್ಲೂ ಬೇರೆ ಬೇರೆಯಾಗಿ ಕಂಡಿತು. ಮಲಗಿ ಎದ್ದ ಅರ್ಧ ತಲೆಗೆ ಬಲವೂ ಬಂದಿತ್ತು. ನೊರೆಕ್ಕ ಹಿಂದೆ ಸರಿಯಲಿಲ್ಲ. ಮೈಯನ್ನೆಲ್ಲ ಮೂತಿಗೆ ತಂದು, ಆ ಬಿಳಿ ಹೊಟ್ಟೆಗೆ ಒಂದು ಗುದ್ದು ಗುದ್ದಿದಳು.

ಶಾರ್ಕಿಗೆ ನೋವಿಗಿಂತ ಆಶ್ಚರ್ಯವೇ ಹೆಚ್ಚಾಯಿತು. "ನೀ... ನೀ ಮಲಗಿದ್ದೆ ಅಲ್ವಾ?"

"ಮಲಗಿದ್ದೆ. ಈಗ್ಲೂ ಮಲಗಿದ್ದೇನೆ" ಎಂದು ನೊರೆಕ್ಕ ಇನ್ನೊಂದು ಗುದ್ದು ಕೊಟ್ಟಳು.

ಮಲಗಿಕೊಂಡು ಗುದ್ದುವವರ ಹತ್ತಿರ ಯಾರು ಜಗಳಾಡುತ್ತಾರೆ? ಶಾರ್ಕ್ ಹೊಟ್ಟೆ ಹಿಡಿದುಕೊಂಡು ಆಳದ ಕಡೆಗೆ ಹೊರಟೇಹೋಯಿತು.

"ಗುಳ್ಳೆ! ಈಚೆ ಬಾ, ಈ ಕಡೆ ಬಾ!" ಎಂದು ನೊರೆಕ್ಕ ಕೂಗಿದಳು. ಅವನಿದ್ದ ಕಡೆಯ ಕಣ್ಣು ಈಗ ನಿದ್ದೆಯಲ್ಲಿ. ಒಂದು ಕ್ಷಣ ಏನೂ ಕಾಣಲಿಲ್ಲ. ಆ ಒಂದು ಕ್ಷಣ ಅವಳಿಗೆ ಬಹಳ ಉದ್ದವಾಯಿತು. ಆಮೇಲೆ ಹೊಟ್ಟೆಯ ಕೆಳಗೆ ಮೆತ್ತಗೆ ಏನೋ ಜಾರಿತು. ಬಲಗಣ್ಣಿನ ಎದುರು ಒಂದು ಸಣ್ಣ ಮೂತಿ ಬಂತು.

ಪುಸ್.

ನೊರೆಕ್ಕ ಅತ್ತಳು. ಕಡಲಿನಲ್ಲಿ ಅತ್ತರೆ ಯಾರಿಗೂ ಕಾಣುವುದಿಲ್ಲ. ಆದರೂ ಅಜ್ಜಿಗೆ ಕಂಡಿತು.

ಅಜ್ಜಿ ಮರಳುದಿಣ್ಣೆಯ ಮೇಲೆ ಕುಸಿದು ಕೂತಳು. "ಇಷ್ಟು ಕಾಲ ಹೊದಿಸಿದ್ದೇ ಬಂತು" ಎಂದಳು. "ಹೊದ್ದವರು ಹೇಗೆ ಮಲಗ್ತಾರೆ ಅಂತ ನಾ ನಿಂತು ನೋಡಿದ್ದು ಇವತ್ತೇ." ಸೆರಗಿನಿಂದ ಸೂಜಿ ತೆಗೆದು ಕೌದಿಯ ನಟ್ಟನಡುವೆ ಒಂದು ಹೊಲಿಗೆ ಹಾಕಿದಳು, ಇನ್ನು ಮುಂದೆ ಮಡಿಸಲು ಸುಲಭವಾಗಲಿ ಎಂದು.

ಸಂಜೆಯ ಹೊತ್ತಿಗೆ ಗಾಳಿ ಏದುಸಿರು ಬಿಡುತ್ತ ಬಂತು. ಅದರ ಹಿಂದೆ ಇಡೀ ಬಳಗ. "ಅಯ್ಯೋ, ಒಬ್ಬಳೇ ಮಲಗದೆ ಹೇಗಿದ್ಯೇ?" ಎಂದು ಎಲ್ಲರೂ ಸುತ್ತುವರಿದರು. ನೊರೆಕ್ಕ ಈಗಲೂ ಅರ್ಧ ಮಲಗಿದ್ದಳು. ಅವಳ ಎಡಗಣ್ಣು ಮುಚ್ಚಿತ್ತು, ಬಾಲ ಮೆಲ್ಲಗೆ ಆಡುತ್ತಿತ್ತು, ಬಲಗಣ್ಣು ಗುಳ್ಳೆಯ ಮೇಲಿತ್ತು. ಎಲ್ಲರೂ ನೋಡಿದರು. ನೋಡಿ ಕಲಿತರು.

ಸುದ್ದಿಯನ್ನು ಹಂಚಿದ್ದು ಗಾಳಿಯೇ. ಮಾಡಿದ ತಪ್ಪಿಗೆ ಅಷ್ಟಾದರೂ ಮಾಡಬೇಕಲ್ಲ. ಬಹಳ ದೂರದ ತಣ್ಣಗಿನ ಕಡಲುಗಳಲ್ಲಿ, ಮಂಜುಗಡ್ಡೆಯ ನಡುವೆ, ತುಪ್ಪಳದ ಕೋಟು ಹಾಕಿಕೊಂಡ ಸೀಲ್‌ಗಳು ಇದನ್ನು ಕೇಳಿಸಿಕೊಂಡವು. ಅವು ಜಾಣ ಜಾತಿ. "ಅಜ್ಜೀ, ನಮಗೆ ನೀರಲ್ಲಿದ್ದಾಗ ಅರ್ಧ ಹಾಕು, ದಡಕ್ಕೆ ಬಂದಾಗ ಪೂರ್ತಿ ಹಾಕು" ಎಂದವು. ಅಜ್ಜಿ ಗೊಣಗಿದಳು, ಆದರೆ ಹಾಗೇ ಮಾಡಿದಳು. ಅದಕ್ಕೇ ಅವು ಇಂದಿಗೂ ನೀರಿನಲ್ಲಿ ಒಂದು ಕಣ್ಣು ತೆರೆದು ತೇಲುತ್ತವೆ, ಬಂಡೆಯ ಮೇಲೆ ಎರಡೂ ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತವೆ. ತಿಮಿಂಗಿಲ ಮಾತ್ರ ತನ್ನ ಹಟ ಬಿಡಲಿಲ್ಲ. ಅದು ಈಗಲೂ ಕಂಬದ ಹಾಗೆ ನಿಂತೇ ಮಲಗುತ್ತದೆ.

ಬೀರಮ್ಮನ ಜಾಣತನವೂ ಎಲ್ಲಿಗೂ ಹೋಗಿಲ್ಲ. ಜೋಲಿಯ ಹಗ್ಗವನ್ನು ಹೆಬ್ಬೆರಳಿಗೆ ಕಟ್ಟಿಕೊಂಡ ಅಮ್ಮಂದಿರು ಈಗಲೂ ಇದ್ದಾರೆ. ನಿಮ್ಮ ಮನೆಯಲ್ಲಿ ಹಗ್ಗ ಇಲ್ಲದಿದ್ದರೂ ಒಂದು ಕೈ ಇದೆ. ಅಮ್ಮನಿಗೆ ನಿದ್ದೆ ಬಂದು ಬಾಯಿ ತೆರೆದಿದ್ದರೂ ಅದು ನಿಮ್ಮ ಬೆನ್ನು ತಟ್ಟುತ್ತಲೇ ಇರುತ್ತದೆ.

ಎಂದಾದರೂ ಮಧ್ಯಾಹ್ನದ ಹೊತ್ತಿಗೆ ದೋಣಿಯಲ್ಲಿ ಕೂತು ಅಳಿವೆಯ ಹೊರಗೆ ಹೋದರೆ, ಒಂದು ಡಾಲ್ಫಿನ್ ಒಂದೇ ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಹೋಗುವುದು ಕಾಣಬಹುದು. ನನಗೆ ಕಣ್ಣು ಹೊಡೆಯಿತು ಎಂದು ಬೀಗಬೇಡಿ, ಗಲಾಟೆಯನ್ನೂ ಮಾಡಬೇಡಿ, ಅದು ಮಲಗಿದೆ. ಅದರ ತೆರೆದ ಕಣ್ಣು ಯಾವ ಕಡೆಗಿದೆಯೋ ಆ ಕಡೆಯ ನೀರನ್ನು ಸ್ವಲ್ಪ ಹೊತ್ತು ನೋಡುತ್ತಿರಿ, ಅಲ್ಲಿಂದ ಒಂದು ಮರಿ ಮೇಲೆದ್ದು ಪುಸ್ ಎನ್ನುತ್ತದೆ.